ಮುಗೀತು ಅಂದ ಮೇಲೆ

ತರಬೇತಿ ಶಿಬಿರ
(ಊರಿನ ಹೆಸರು ಬರೆಯುವಂತಿಲ್ಲ)
4 ಜೂನ್ 2023

ಪಲ್ಲವಿಯವರಿಗೆ,

ನಿಶ್ಚಿತಾರ್ಥದ ದಿನ ನರಸೀಪುರದ ಛತ್ರದ ಬಾಗಿಲಲ್ಲಿ ನಿಂತು, ಹೋದ ತಕ್ಷಣ ಫೋನ್ ಮಾಡುತ್ತೇನೆ ಎಂದಿದ್ದೆ. ಇಲ್ಲಿಗೆ ಬಂದ ದಿನವೇ ನಮ್ಮೆಲ್ಲರ ಫೋನುಗಳನ್ನು ಒಂದು ಚೀಲಕ್ಕೆ ಹಾಕಿಸಿಕೊಂಡು ಬೀಗ ಹಾಕಿದರು. ಕೋರ್ಸ್ ಮುಗಿಯುವವರೆಗೆ ಸಿಗುವುದಿಲ್ಲ. ಕಾಗದ ಬರೆಯಬಹುದು. ಮೇಲಿನವರೊಬ್ಬರು ಓದಿ ಕಳಿಸುತ್ತಾರೆ, ಅಷ್ಟು ಗೊತ್ತಿರಲಿ.

ಸೇನೆಯಲ್ಲಿದ್ದೇನೆ ಎಂದು ನಿಮ್ಮ ಮನೆಯಲ್ಲಿ ಹೇಳಿದ್ದೆ. ಹೇಳದೆ ಬಿಟ್ಟದ್ದು ಒಂದಿದೆ. ವಿಶೇಷ ದಳವೊಂದಕ್ಕೆ ಹೆಸರು ಕೊಟ್ಟಿದ್ದೇನೆ. ಯಾರ ಬಲವಂತವೂ ಇಲ್ಲ, ನಾನಾಗಿಯೇ ಕೈ ಎತ್ತಿದ್ದು. ಓಡುವುದು, ಹೊಳೆ ಈಜುವುದು, ಹೊರೆ ಹೊತ್ತು ಗುಡ್ಡ ಹತ್ತುವುದು ಎಲ್ಲಾ ಇದೆ. ಕೊನೆಯ ಹಂತ ಮಾತ್ರ ಬೇರೆ ಥರ. ಶತ್ರುವಿನ ಕೈಗೆ ಸಿಕ್ಕಿಬಿದ್ದರೆ ಬಾಯಿ ಬಿಡದೆ ಇರುವುದು ಹೇಗೆ ಎಂದು ಕಲಿಸುತ್ತಾರೆ. ನಮ್ಮವರೇ ಶತ್ರುಗಳಾಗಿ ನಮ್ಮನ್ನು ಹಿಡಿದು ವಿಚಾರಣೆ ಮಾಡುತ್ತಾರೆ. ಹೆಸರು, ನಂಬರು, ಹುದ್ದೆ, ಹುಟ್ಟಿದ ದಿನ. ಅದರಾಚೆಗೆ ಒಂದು ಮಾತೂ ಹೊರಗೆ ಬರಬಾರದು.

ಅದು ನನಗೆ ಎಡಗೈ ಕೆಲಸ ಎಂದು ರಾವತ್‌ಗೆ ಹೇಳಿದ್ದೇನೆ. ರಾವತ್ ಗಢವಾಲದವನು, ಈ ಕೋರ್ಸಿನಲ್ಲಿ ನನ್ನ ಜೋಡಿ. ನಾನು ಕಡಿಮೆ ಮಾತಿನವನೆಂದು ನಿಮಗೂ ಗೊತ್ತಾಗಿರಬೇಕು. ನಮ್ಮಪ್ಪ ಮೂಗೂರಿನಲ್ಲಿ ಎಲ್ಲರ ಎದುರಿಗೂ ಹೇಳುತ್ತಿರುತ್ತಾರೆ, "ಇವನ್ ಬಾಯಿಂದ ಮಾತ್ ತಗಿಯೋ ಬದ್ಲು ಬೋರ್ ತಗ್ಸೋದ್ ವಾಸಿ ಕಣಪ್ಪ" ಅಂತ.

ನಮ್ಮವ್ವನಿಗೆ ಈ ಕೊನೆಯ ಹಂತದ ವಿಷಯ ಹೇಳಬೇಡಿ. ಗಾಬರಿಯಾಗುತ್ತಾಳೆ.

ನಂಜೇಶ್


ನಂಜನಗೂಡು
17 ಜೂನ್ 2023

ನಂಜೇಶ್ ಅವರಿಗೆ,

ನಿಮ್ಮ ಕಾಗದವನ್ನು ಒಡೆಯುವ ಮೊದಲೇ ನಮ್ಮಮ್ಮ ಬೆಳಕಿಗೆ ಹಿಡಿದು ನೋಡಿಯಾಗಿತ್ತು. ಹೀಗಾಗಿ ನಿಮ್ಮ ಮೇಲಿನವರು ಓದುತ್ತಾರೆಂದು ನನಗೇನೂ ಬೇಜಾರಿಲ್ಲ. ಇಲ್ಲೂ ಮೇಲಿನವರಿದ್ದಾರೆ.

ಹೆಂಗಸರಿಗೆ ಬಸ್ಸು ಪುಕ್ಕಟೆಯಾಗಿ ಒಂದು ವಾರವಾಯಿತು. ಕಂಡಕ್ಟರ್ ಕೆಲಸಕ್ಕೆ ಸೇರಿದಾಗಿನಿಂದ ಇಂಥ ರಶ್ ನೋಡಿರಲಿಲ್ಲ. ನಂಜನಗೂಡಿಂದ ನರಸೀಪುರಕ್ಕೆ ಹೋಗುವಷ್ಟರಲ್ಲಿ ಟಿಕೆಟ್ ಮಿಷನ್ನೇ ಬಿಸಿಯಾಗಿರುತ್ತದೆ. ಆದರೂ ಒಂದು ಸಂತೋಷ. ಮೊನ್ನೆ ಒಬ್ಬ ಅಜ್ಜಿ ತಲಕಾಡಿನಲ್ಲಿರುವ ತಂಗಿಯನ್ನು ನೋಡಿಬರಲು ಹೊರಟಿದ್ದರು. ಮಗನ ಹತ್ತಿರ ಬಸ್ ಚಾರ್ಜು ಕೇಳಬೇಕಲ್ಲ ಎಂದು ಇಷ್ಟು ವರ್ಷ ಹೋಗೇ ಇರಲಿಲ್ಲವಂತೆ.

ನಿಮ್ಮವ್ವನೂ ನನ್ನ ಬಸ್ಸಿಗೇ ಕಾದು ಹತ್ತುತ್ತಾರೆ. ಹತ್ತಿದವರೇ ಅಕ್ಕಪಕ್ಕದವರಿಗೆಲ್ಲ, "ನನ್ ಸೊಸೆ ಕಣವ್ವಾ, ಕಾರ್ತೀಕ್ದಲ್ಲಿ ಮದ್ವೆ" ಎಂದು ಹೇಳಿ ಮುಗಿಸಿಯೇ ಆಧಾರ್ ಕಾರ್ಡ್ ಹುಡುಕುವುದು. ನೀವು ಹೇಳಿದ್ದನ್ನು ಅವರಿಗೆ ಹೇಳಿಲ್ಲ, ಹೇಳುವುದೂ ಇಲ್ಲ.

ಬಾಯಿ ಬಿಡಿಸುವ ವಿಷಯ ಬರೆದಿದ್ದೀರಿ. ಅದು ನನ್ನ ದಿನನಿತ್ಯದ ಕೆಲಸ. ದೂರದಿಂದ ಹತ್ತಿ ಬಂದು ಈಗ ತಾನೇ ಹತ್ತಿದೆ ಎನ್ನುವ ಗಂಡಸರು ಎಲ್ಲಾ ಟ್ರಿಪ್‌ನಲ್ಲೂ ಒಬ್ಬರಾದರೂ ಇರುತ್ತಾರೆ. ಗದರಿಸಿದರೆ ಇನ್ನೂ ಬಿಗಿಯಾಗುತ್ತಾರೆ. "ಊಟ ಆಯ್ತಾ ಅಣ್ಣ, ಎಷ್ಟೊತ್ಗೆ ಬಿಟ್ರಿ ಮನೆಯ" ಎಂದು ಮೆತ್ತಗೆ ಕೇಳಿದರೆ ಸ್ಟಾಪಿನ ಹೆಸರು ತಾನಾಗಿಯೇ ಬರುತ್ತದೆ. ಕೂಗಾಡುವವರ ಚಿಂತೆ ಬಿಡಿ. ಮೆತ್ತಗೆ ಮಾತಾಡುವವರ ಹತ್ತಿರ ಹುಷಾರಾಗಿರಿ.

ಪಲ್ಲವಿ


ಶಿಬಿರ
9 ಜುಲೈ 2023

ಪಲ್ಲವಿಯವರಿಗೆ,

ನಿಮ್ಮ ಕಾಗದವನ್ನು ರಾವತ್‌ಗೆ ಹಿಂದಿಯಲ್ಲಿ ಓದಿ ಹೇಳಿದೆ. ಈ ಕಂಡಕ್ಟರಮ್ಮನನ್ನೇ ಇಲ್ಲಿಗೆ ಮಾಸ್ತರಾಗಿ ಕರೆಸೋಣ ಎಂದು ನಕ್ಕ.

ನಾಳೆಯಿಂದ ಕೊನೆಯ ಹಂತ. ಕೆಲವು ದಿನ ಬರೆಯಲಾಗುವುದಿಲ್ಲ. ಕೈಕಾಲು ಚೆನ್ನಾಗಿವೆ, ಹಸಿವು ಚೆನ್ನಾಗಿದೆ. ಮುಗಿದ ದಿನವೇ ಫೋನ್ ಮಾಡುತ್ತೇನೆ. ಅವತ್ತು ಯಾವ ಟ್ರಿಪ್‌ನಲ್ಲಿದ್ದರೂ ಎತ್ತಬೇಕು.

ನಂಜೇಶ್


ನಂಜನಗೂಡು
12 ಆಗಸ್ಟ್ 2023

ನಂಜೇಶ್ ಅವರಿಗೆ,

ಡ್ಯೂಟಿಯಲ್ಲಿ ಫೋನ್ ಎತ್ತಬಾರದೆಂಬ ನಿಯಮವಿದ್ದರೂ ಒಂದು ತಿಂಗಳಿಂದ ಅದನ್ನು ಕೈಯಲ್ಲೇ ಹಿಡಿದುಕೊಂಡಿದ್ದೇನೆ. ನಿಮ್ಮವ್ವ ಬಸ್ಸು ಹತ್ತುವಾಗಲೇ ನನ್ನ ಮುಖ ನೋಡುತ್ತಾರೆ. ನಾನು ಇಲ್ಲವೆಂದು ತಲೆ ಆಡಿಸುತ್ತೇನೆ. ಸುಮ್ಮನೆ ಹೋಗಿ ಕೂರುತ್ತಾರೆ. ಅಕ್ಕಪಕ್ಕದವರಿಗೆ ಏನೂ ಹೇಳುವುದಿಲ್ಲ.

ಎರಡು ಸಾಲು ಬರೆದರೂ ಸಾಕು.

ಪಲ್ಲವಿ


29 ಆಗಸ್ಟ್ 2023

ಪಲ್ಲವಿಯವರಿಗೆ,

ಕೋರ್ಸ್ ಮುಗಿದಿದೆ. ನಾನು ಆಯ್ಕೆಯಾಗಲಿಲ್ಲ. ಹಳೆಯ ಯೂನಿಟ್ಟಿಗೆ ವಾಪಸು ಕಳಿಸಿದ್ದಾರೆ. ಆರೋಗ್ಯವಾಗಿದ್ದೇನೆ. ಸೆಪ್ಟೆಂಬರಿನಲ್ಲಿ ರಜೆ ಕೊಟ್ಟಿದ್ದಾರೆ, ಬರುತ್ತೇನೆ.

ಫೋನ್ ಮಾಡಲಾಗಲಿಲ್ಲ.

ನಂಜೇಶ್


ನಂಜನಗೂಡು
4 ಅಕ್ಟೋಬರ್ 2023

ನಂಜೇಶ್ ಅವರಿಗೆ,

ನೀವು ರೈಲು ಹತ್ತಿ ಹೋದ ಮೇಲೆ ಇದನ್ನು ಮೂರು ಸಲ ಬರೆದು ಹರಿದೆ. ಈಗ ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ.

ಆಯ್ಕೆಯಾಗದ ಬೇಸರ ಇರುತ್ತದೆ ಎಂದು ತಿಳಿದಿದ್ದೆ. ಅದಕ್ಕೇ ಆ ವಿಷಯ ಎತ್ತಬಾರದೆಂದು ಮನೆಯಲ್ಲಿ ಎಲ್ಲರಿಗೂ ಹೇಳಿಟ್ಟಿದ್ದೆ. ನಮ್ಮಮ್ಮ ಪಾಪ, "ಅಂತೂ ಎಲ್ಲಾ ಮುಗಿಸ್ಕಂಡ್ ಬಂದ್ರಲ್ಲಪ್ಪ, ಕುತ್ಕಳಿ, ಟೀ ಕುಡೀರಿ" ಎಂದು ಲೋಟ ಮುಂದೆ ಇಟ್ಟಳು. ನೀವು ಆ ಲೋಟವನ್ನೇ ನೋಡುತ್ತಾ ಕೂತಿರಿ. ಬೆವರು ಇಳಿಯುತ್ತಿತ್ತು. ಆಮೇಲೆ ಎದ್ದು ಚಪ್ಪಲಿ ಮೆಟ್ಟಿ ಹೊರಟೇಬಿಟ್ಟಿರಿ. ಅಮ್ಮ ಆ ಲೋಟ ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದಳು.

ಮೂಗೂರಿನಲ್ಲಿ ನಡೆದದ್ದನ್ನು ನಿಮ್ಮವ್ವ ಬಸ್ಸಿನಲ್ಲಿ ಹೇಳಿದರು. ಅವರು ತಲೆ ನೇವರಿಸಿ, "ಯಾಕ್ಲಾ ಕಂದ, ಏನಾಯ್ತು ಯೋಳು" ಎಂದರೆ ನೀವು ಕೈ ತಳ್ಳಿ ಹಿಂದಿಯಲ್ಲಿ ಏನೋ ಅಂದಿರಂತೆ. ಹೆತ್ತವಳ ಹತ್ತಿರ ಹಿಂದಿ. ರಜೆ ಮುಗಿಯುವವರೆಗೂ ನಿಮ್ಮ ಬಾಯಲ್ಲಿ ಕನ್ನಡ ಬರಲಿಲ್ಲವಂತೆ. "ನಮ್ ಮಾತು ಅವ್ನಿಗ್ ನಾಚ್ಕೆ ಆಗೋಯ್ತೇನೋ ಕಣವ್ವ" ಎಂದು ಸೆರಗಲ್ಲಿ ಕಣ್ಣು ಒರೆಸಿಕೊಂಡರು.

ನನಗೆ ತೋಚಿದ್ದು ಇದು. ದೊಡ್ಡ ದೊಡ್ಡ ಜನರ ನಡುವೆ ಇದ್ದು ಬಂದಿರಿ. ಬಸ್ಸಿನಲ್ಲಿ ಚಿಲ್ಲರೆಗಾಗಿ ಜಗಳವಾಡುವವಳು ಕಣ್ಣಿಗೆ ಸಣ್ಣವಳಾಗಿ ಕಂಡಿರಬಹುದು. ಹಾಗಿದ್ದರೆ ನೇರವಾಗಿ ಹೇಳಿ. ನಾನು ಅತ್ತು ಕರೆಯುವವಳಲ್ಲ.

ಪಲ್ಲವಿ


19 ಅಕ್ಟೋಬರ್ 2023

ಪಲ್ಲವಿಯವರಿಗೆ,

ನಿಮ್ಮ ಕೆಲಸದ ಬಗ್ಗೆ ನನಗೆ ಗೌರವವಿದೆ. ನಿಮ್ಮ ತಾಯಿಯವರಿಂದ ಏನೂ ತಪ್ಪಾಗಿಲ್ಲ. ಮದುವೆಯನ್ನು ಮುಂದಕ್ಕೆ ಹಾಕಿ ಎಂದು ಅಪ್ಪನಿಗೆ ಬರೆದಿದ್ದೇನೆ. ನೀವು ಬೇರೆ ಕಡೆ ನೋಡಿದರೆ ನಾನು ಅಡ್ಡಿ ಬರುವುದಿಲ್ಲ.

ನಂಜೇಶ್


ನಂಜನಗೂಡು
28 ಅಕ್ಟೋಬರ್ 2023

ನಂಜೇಶ್ ಅವರಿಗೆ,

ಉಂಗುರ ಬಿಚ್ಚಿ ಅಮ್ಮನ ಕೈಗೆ ಕೊಟ್ಟಿದ್ದೇನೆ. ನಿಮ್ಮ ಮನೆಗೆ ಕಳಿಸಿಲ್ಲ. ನಿಮ್ಮವ್ವ ಬಸ್ಸು ಹತ್ತಿದಾಗ ನನ್ನ ಬೆರಳು ನೋಡಿದರು.

ಸರ್ಕಾರಿ ಆರ್ಡರಿನ ಥರ ನಾಲ್ಕು ಸಾಲು ಬರೆದು ಮುಗಿಸಬಹುದು ಎಂದುಕೊಂಡಿದ್ದೀರಿ. ಮುಗಿಸುವುದಾದರೆ ಮುಗಿಸೋಣ. ಕಾರಣ ಗೊತ್ತಾಗದೆ ಮುಗಿಸುವುದಕ್ಕೆ ಮಾತ್ರ ನನ್ನಿಂದ ಆಗುವುದಿಲ್ಲ.

ಪಲ್ಲವಿ


26 ನವೆಂಬರ್ 2023

ಪಲ್ಲವಿಯವರಿಗೆ,

ಇಲ್ಲಿ ಮಿಲಿಟರಿ ಆಸ್ಪತ್ರೆಯಲ್ಲಿ ಒಬ್ಬ ಡಾಕ್ಟರ್ ಮೇಡಂ ಇದ್ದಾರೆ. ಮನಸ್ಸಿನ ಡಾಕ್ಟರು. ವಾರಕ್ಕೊಮ್ಮೆ ಹೋಗುತ್ತಿದ್ದೇನೆ. ನಡೆದದ್ದನ್ನೆಲ್ಲ ಅವರಿಗೆ ಹಿಂದಿಯಲ್ಲಿ ಪಟಪಟ ಹೇಳಿದೆ, ಬೇರೆ ಯಾರದೋ ಕತೆಯ ಹಾಗೆ. ಅವರು ಕೇಳಿಸಿಕೊಂಡು, ನಿಮ್ಮ ಭಾಷೆಯಲ್ಲಿ ಯಾರಿಗಾದರೂ ಇದನ್ನು ಬರೆಯಿರಿ ಎಂದರು. ಯಾರಿಗೆ ಎಂದು ಯೋಚಿಸಿದೆ. ಕಾರಣ ಬರೆದು ಕೇಳಿದವರು ನೀವೊಬ್ಬರೇ. ಬರೆಯಬಾರದ್ದನ್ನು ಬಿಟ್ಟು ಉಳಿದದ್ದು ಬರೆಯುತ್ತೇನೆ.

ನಮ್ಮನ್ನು ಜೋಡಿಜೋಡಿಯಾಗಿ ಕಾಡಿಗೆ ಬಿಟ್ಟು ಬೆನ್ನಟ್ಟಿದರು. ರಾವತ್ ಮತ್ತು ನಾನು ಬೇರೆ ಬೇರೆಯಾದೆವು, ನಾನು ಸಿಕ್ಕಿಬಿದ್ದೆ. ತಲೆಗೆ ಮುಸುಕು ಹಾಕಿದರು. ಗೋಡೆಗೆ ಕೈ ಊರಿ ನಿಲ್ಲಿಸಿದರು, ಕೂತರೆ ಎಬ್ಬಿಸಿದರು, ತಣ್ಣೀರು ಸುರಿದರು, ನಿದ್ದೆ ಬಾರದ ಹಾಗೆ ಕಿವಿಗೆ ಗದ್ದಲ ಬಿಟ್ಟರು. ಮಧ್ಯೆ ಮಧ್ಯೆ ಕರೆದೊಯ್ದು ಕೂಗಾಡಿ ಪ್ರಶ್ನೆ ಕೇಳಿದರು. ನಾನು ಹೆಸರು, ನಂಬರು ಬಿಟ್ಟು ಏನೂ ಹೇಳಲಿಲ್ಲ. ಹಗಲೋ ರಾತ್ರಿಯೋ ಗೊತ್ತಾಗುತ್ತಿರಲಿಲ್ಲ. ಆದರೂ ಒಳಗೆ ಗಟ್ಟಿಯಾಗಿದ್ದೆ. ಇದು ಆಟ, ನಮ್ಮವರೇ ಎಂಬುದು ತಲೆಯಲ್ಲಿತ್ತು.

ಆಮೇಲೆ ಒಂದು ಕೋಣೆಯಲ್ಲಿ ಮುಸುಕು ತೆಗೆದರು. ಕುರ್ಚಿ ಇತ್ತು. ಒಬ್ಬರು ಬಂದು ಹೆಗಲಿಗೆ ಕಂಬಳಿ ಹೊದಿಸಿ, ಕೈಗೆ ಟೀ ಲೋಟ ಕೊಟ್ಟರು. "ಮುಗೀತು ಕಣಪ್ಪ, ಎಲ್ಲಾ ಮುಗೀತು. ಟೀ ಕುಡಿ" ಎಂದರು. ಕನ್ನಡ. ಅದೂ ನಮ್ಮ ಕಡೆಯ ಕನ್ನಡ. ನನಗೆ ಅಳು ಬಂತು.

"ಯಾವೂರ್ಲಾ ನಿಂದು?"

"ಮೂಗೂರು ಸಾ."

"ಅಯ್ಯೋ, ನಮ್ದು ದೇವನೂರು ಕಣ್ಲಾ. ನಂಜನಗೂಡ್ ತಾಲ್ಲೂಕು. ಮಲ್ಲಿಕಾರ್ಜುನ ಅಂತ. ಅವ್ವ ಎಂಗವ್ರೆ? ಏನೆಸ್ರು?"

ಹೆಸರು ಹೇಳಿದೆ. ನಮ್ಮ ಗದ್ದೆ, ನಾಲೆ, ನಿಮ್ಮ ಬಸ್ಸಿನ ವಿಷಯ ಸಹ ಹೇಳಿದೆ. ಅವರು ನಗುತ್ತಿದ್ದರು, ತಲೆ ನೇವರಿಸುತ್ತಿದ್ದರು. ನಿನ್ನ ಜೋಡಿ ಚೆನ್ನಾಗಿ ಓಡಿದನಂತಲ್ಲ, ಅದೆಲ್ಲಿ ಬಚ್ಚಿಟ್ಟುಕೊಂಡಿದ್ದ, ಎಲ್ಲಿ ಸೇರಬೇಕೆಂದಿದ್ದಿರಿ ಎಂದು ಕೇಳಿದರು. ಮುಗಿದ ಮೇಲೆ ಆಡುವ ಹರಟೆ ಎಂದುಕೊಂಡು ಅದನ್ನೂ ಹೇಳಿದೆ. ಲೋಟ ಖಾಲಿಯಾಗಿರಲಿಲ್ಲ, ಹಿಂದಿನಿಂದ ಮುಸುಕು ಬಿತ್ತು. ಸ್ವಲ್ಪ ಹೊತ್ತಿನಲ್ಲಿ ರಾವತ್‌ನನ್ನು ಎಳೆದು ತಂದು ನನ್ನ ಪಕ್ಕದಲ್ಲಿ ನಿಲ್ಲಿಸಿದ ಸದ್ದು ಕೇಳಿಸಿತು. ಅವನ ಕೆಮ್ಮು ನನಗೆ ಗೊತ್ತು.

ಅದಾದ ಮೇಲೆ ನಿಜವಾಗಿಯೂ ಮುಗಿಯಿತು. ಮುಸುಕು ತೆಗೆದು, ಮುಗಿಯಿತು ಎಂದರು. ಟೀ ಕೊಟ್ಟರು. ನಾನು ನಂಬಲಿಲ್ಲ. ಆಸ್ಪತ್ರೆಗೆ ಸೇರಿಸಿದರು. ಎಲ್ಲಿ ನೋವಿದೆ ಎಂದು ನರ್ಸ್ ಕೇಳಿದರೂ ನನ್ನ ನಂಬರು ಹೇಳಿದೆ. ನನ್ನನ್ನು ಕೋರ್ಸಿನಿಂದ ಕಳಿಸಿದ್ದು ಬಾಯಿ ಬಿಟ್ಟಿದ್ದಕ್ಕೇ ಇರಬೇಕು. ಜೋಡಿಯನ್ನು ಮಾರಿಕೊಂಡವನು ಯಾರಿಗೆ ಬೇಕು.

ಮೂಗೂರಿಗೆ ಬಂದಾಗ ಇದು ನಮ್ಮ ಮನೆ, ಇವಳು ನಮ್ಮವ್ವ ಎಂದು ತಲೆಗೆ ಗೊತ್ತಿತ್ತು. ಮೈಗೆ ಗೊತ್ತಿರಲಿಲ್ಲ. ಅವ್ವ ತಲೆ ನೇವರಿಸಿ 'ಯೋಳು' ಎಂದಾಗ ಬೆನ್ನ ಹಿಂದೆ ಯಾರೋ ಬಟ್ಟೆ ಹಿಡಿದು ನಿಂತಿದ್ದಾರೆ ಎನಿಸಿತು. ನಿಮ್ಮ ತಾಯಿಯವರೂ ಅದೇ ಮಾತು ಆಡಿದರು, ಟೀ ಕೊಟ್ಟರು. ಫೋನಿನಲ್ಲಿ ಕನ್ನಡ ಕೇಳಿದರೂ ಹಾಗೆಯೇ ಆಗುತ್ತದೆ. ಅದಕ್ಕೇ ಮಾಡುವುದಿಲ್ಲ.

ಅವರು ನಿಜವಾಗಿ ದೇವನೂರಿನವರೋ ಅಲ್ಲವೋ, ಅದೂ ಗೊತ್ತಿಲ್ಲ. ಆ ಭಾಷೆ ಎಲ್ಲಿ ಕಲಿತರೋ.

ಅವ್ವನಿಗೆ ಏನೂ ಹೇಳಬೇಡಿ. ಇಷ್ಟು ಓದಿದ ಮೇಲೆ ಉಂಗುರ ವಾಪಸು ಕಳಿಸಿದರೆ ನನಗೆ ಅರ್ಥವಾಗುತ್ತದೆ.

ನಂಜೇಶ್


ನಂಜನಗೂಡು
8 ಡಿಸೆಂಬರ್ 2023

ನಂಜೇಶ್ ಅವರಿಗೆ,

ಮೆತ್ತಗೆ ಮಾತಾಡುವವರ ಹತ್ತಿರ ಹುಷಾರು ಎಂದು ನಾನೇ ತಮಾಷೆಗೆ ಬರೆದಿದ್ದೆ. ಅದು ನೆನಪಾಗಿ ಅವತ್ತು ಡ್ಯೂಟಿಯಲ್ಲಿ ಎರಡು ಸ್ಟಾಪಿಗೆ ಸೀಟಿ ಹೊಡೆಯುವುದನ್ನೇ ಮರೆತೆ. ಡ್ರೈವರಣ್ಣ ಬೈದರು.

ನೀವು ಬೇಡ ಎಂದಿದ್ದನ್ನು ನಾನು ಅರ್ಧ ಮೀರಿದ್ದೇನೆ. ವಾರದ ರಜೆಯಲ್ಲಿ ಮೂಗೂರಿಗೆ ಹೋಗಿದ್ದೆ. ನಿಮ್ಮವ್ವ ಅವರೆಕಾಯಿ ಸುಲಿಯುತ್ತಿದ್ದರು. ಪಕ್ಕದಲ್ಲಿ ಕೂತು ಇಷ್ಟು ಹೇಳಿದೆ: "ಅವ್ರಿಗೆ ನಮ್ ಮಾತು ನಾಚ್ಕೆ ಆಗಿಲ್ಲ ಕಣತ್ತೆ. ಅಲ್ಲಿ ಯಾರೋ ನಮ್ ಮಾತಲ್ಲೇ ನಂಬ್ಸಿ ಮೋಸ ಮಾಡವ್ರೆ. ಅದ್ಕೇ ನಮ್ ಮಾತು ಕೇಳುದ್ರೆ ಮೈ ನಡುಗ್ತದೆ. ಏನು ಎತ್ತ ಅಂತ ಕೇಳ್ಬೇಡಿ, ನಂಗೂ ಪೂರಾ ಗೊತ್ತಿಲ್ಲ."

ಅವರ ಕೈ ನಿಂತಿತು. ಆಮೇಲೆ, "ನಮ್ ಕರ ಒಂದ್ಸಲ ಬೇಲೀಲಿ ಸಿಕ್ಕಾಕಂಡಿತ್ತು. ಬಿಡ್ಸಿದ್ ಮ್ಯಾಲೂ ನಾನ್ ಹತ್ರ ಓದ್ರೆ ಒದೀತಿತ್ತು. ಉಲ್ಲಾಕ್ಬುಟ್ಟು ದೂರ ಕುಂತ್ಕತ್ತಿದ್ದೆ. ಅಂಗೇ ಮಾಡ್ತೀನಿ ಬುಡವ್ವ. ಅವ್ನು ಹಿಂದೀಲಿ ಅಂದ್ರೂ ಸೈ, ಸುಮ್ಗಿದ್ರೂ ಸೈ" ಎಂದರು. ಇಷ್ಟು ದಿನ ಅವರು ಅತ್ತದ್ದು ಮಗ ಬೇಡವೆಂದನಲ್ಲ ಎಂದು. ಈಗ ಹಾಗಲ್ಲ ಎಂದು ತಿಳಿದು ನಿಮಗೋಸ್ಕರ ಅತ್ತರು. ಆ ಅಳು ಬೇರೆ. ನನಗೆ ತಪ್ಪು ಮಾಡಿದೆ ಎನಿಸಲಿಲ್ಲ.

ಇನ್ನು ನೀವು. ಜೋಡಿಯನ್ನು ಮಾರಿಕೊಂಡೆ ಎಂದು ಬರೆದಿದ್ದೀರಿ. ಆ ಜೋಡಿಯನ್ನು ಕೇಳಿದ್ದೀರಾ? ಕೇಳಿಲ್ಲ ಎಂದು ನನಗೆ ಗೊತ್ತು. ರಾವತ್‌ಗೆ ಬರೆಯಿರಿ. ಬೈದರೆ ಬೈಸಿಕೊಳ್ಳಿ.

ದೇವನೂರು ನನಗೆ ದೂರವಲ್ಲ. ಅಲ್ಲಿ ಮಲ್ಲಿಕಾರ್ಜುನ ಎಂಬ ಮಿಲಿಟರಿಯವರು ಇದ್ದಾರೋ ಇಲ್ಲವೋ ನಾನು ನೋಡಿಕೊಂಡು ಬರುತ್ತೇನೆ. ಬೇಡವೆನ್ನುವುದಾದರೆ ಬೇಗ ಬರೆಯಿರಿ.

ಉಂಗುರ ನನ್ನ ಬೆರಳಲ್ಲೇ ಇದೆ. ಕಾಗದ ಓದಿದ ದಿನ ಹಾಕಿಕೊಂಡೆ.

ಪಲ್ಲವಿ


11 ಜನವರಿ 2024

ಪಲ್ಲವಿ,

ರಾವತ್ ಉತ್ತರ ಬರೆದಿದ್ದಾನೆ. ಮೊದಲ ಸಾಲಿನಲ್ಲೇ ಒಂದು ಕೆಟ್ಟ ಬೈಗುಳ. ಇಷ್ಟು ತಿಂಗಳು ಎಲ್ಲಿ ಸತ್ತಿದ್ದೆ ಎಂದು.

ವಿಷಯ ಹೀಗಿದೆ. ಅವರು ನನಗಿಂತ ಮುಂಚೆಯೇ ಅವನನ್ನು ಹಿಡಿದಿದ್ದರಂತೆ. ನಾವು ಸೇರಬೇಕಿದ್ದ ಜಾಗವನ್ನು ಅವನೇ ಆಗಲೇ ಹೇಳಿಬಿಟ್ಟಿದ್ದನಂತೆ. ಅವನಿಗೂ ಅವನ ಕಡೆಯ ಮಾತಾಡುವವರೊಬ್ಬರು ಸಿಕ್ಕಿದ್ದರು. ನಮ್ಮ ತಂಡದಲ್ಲಿ ಒಂದಲ್ಲ ಒಂದು ಹೊತ್ತಿನಲ್ಲಿ ಬಾಯಿ ಬಿಡದವರು ಯಾರೂ ಇರಲಿಲ್ಲವಂತೆ. ಮುಗಿದ ಮೇಲೆ ಎಲ್ಲರನ್ನೂ ಒಟ್ಟಿಗೆ ಕೂರಿಸಿ, ಯಾರು ಎಲ್ಲಿ ಜಾರಿದರು, ಜಾರಿದ ಮೇಲೆ ಮತ್ತೆ ಹೇಗೆ ಕಾಲೂರಿ ನಿಲ್ಲಬೇಕು ಎಂದು ಬಿಡಿಸಿ ಹೇಳಿದರಂತೆ. ಪಾಠ ಇದ್ದದ್ದೇ ಅದರಲ್ಲಿ. ಆ ಹೊತ್ತಿಗೆ ನಾನು ಆಸ್ಪತ್ರೆಯ ಮಂಚದ ಮೇಲೆ ನಂಬರು ಹೇಳುತ್ತಾ ಮಲಗಿದ್ದೆ. ನನ್ನನ್ನು ವಾಪಸು ಕಳಿಸಿದ್ದು ಹೇಳಿಬಿಟ್ಟದ್ದಕ್ಕಲ್ಲ, ಅದರಿಂದ ಹೊರಗೆ ಬರಲಾರದೆ ಹೋದದ್ದಕ್ಕೆ. ಡಾಕ್ಟರ್ ಮೇಡಂ ಹಳೆಯ ವರದಿ ತರಿಸಿ ನೋಡಿ, ಹೌದು ಎಂದರು.

ನಿಮ್ಮ ಕಾಗದ ಬಂದು ತಿಂಗಳಾಯಿತು. ದೇವನೂರಿಗೆ ಹೋಗಬೇಡಿ ಎಂದು ಬರೆಯಲು ಕೂತು, ಪ್ರತಿ ಸಲವೂ ಬರೆಯದೆ ಎದ್ದಿದ್ದೇನೆ.

ನಂಜೇಶ್


ನಂಜನಗೂಡು
20 ಜನವರಿ 2024

ನಂಜೇಶ್ ಅವರಿಗೆ,

ಸಂಕ್ರಾಂತಿಯ ಮಾರನೆಯ ದಿನ ದೇವನೂರಿಗೆ ಹೋದೆ. ಇದ್ದಾರೆ. ಹೆಸರೂ ಅದೇ, ಊರೂ ಅದೇ. ಹಬ್ಬದ ರಜೆಗೆ ಬಂದಿದ್ದರು. ಏಣಿಯ ಮೇಲೆ ನಿಂತು ಕೊಟ್ಟಿಗೆಗೆ ಶೀಟು ಹೊದಿಸುತ್ತಿದ್ದರು.

"ಮೂಗೂರ್ ನಂಜೇಶ್ ಅಂತ, ನೆನಪೈತಾ?" ಎಂದೆ.

ಸುತ್ತಿಗೆ ಹಿಡಿದೇ ಇಳಿದರು. "ಯಾರಮ್ಮ ನೀನು?"

"ಅವ್ರನ್ನ ಮದ್ವೆ ಆಗೋಳು."

"ಕೆಲ್ಸದ್ ಇಚಾರ ನಾನು ಆಡಂಗಿಲ್ಲ ಕಣಮ್ಮ."

"ನಂಗೆ ಕೆಲ್ಸದ್ ವಿಚಾರ ಬೇಡ. ದೇವನೂರು ಅಂತ ಯೋಳಿದ್ರಂತೆ. ಅದು ನಿಜವೋ ಸುಳ್ಳೋ ನೋಡ್ಕಂಡೋಗನ ಅಂತ ಬಂದೆ."

ಅವರು ಕಲ್ಲಿನ ಮೇಲೆ ಕೂತರು. "ಅವತ್ತು ಆಡಿದ್ರಲ್ಲಿ ಹೆಸ್ರು ಊರು ಎರಡೇ ನಿಜ. ಯಾವ್ದಾದ್ರೂ ಊರೆಸ್ರು ಯೋಳ್ಬೋದಾಗಿತ್ತು. ಆ ಹುಡ್ಗನ್ ಮಾತು ಕೇಳ್ತಿದ್ದಂಗೆ ಬ್ಯಾರೆ ಹೆಸ್ರು ಬಾಯ್ಗೆ ಬರ್ನಿಲ್ಲ" ಎಂದರು. ನೀವು ಆಸ್ಪತ್ರೆ ಸೇರಿದ್ದು ಅವರಿಗೆ ಗೊತ್ತೇ ಇರಲಿಲ್ಲ. ಅವರ ಕೆಲಸ ಮುಗಿದ ಕೂಡಲೇ ಬೇರೆ ಕಡೆ ಕಳಿಸುತ್ತಾರಂತೆ. ನಾನು ಮನೆಯಲ್ಲಿ ನಡೆದದ್ದನ್ನು ಹೇಳಿದೆ, ನಿಮ್ಮವ್ವನ ಕೈ ತಳ್ಳಿದ್ದನ್ನು ಸಹ. ತಲೆ ಎತ್ತದೆ ಕೇಳಿಸಿಕೊಂಡರು. "ನಾಳೆ ನಿಜವಾಗ್ಲೂ ಸಿಕ್ಕಾಕಂಡ್ರೆ ಉಳ್ಕಳ್ಳಿ ಅಂತ ಮಾಡೋ ಕೆಲ್ಸ ಕಣಮ್ಮ ಇದು. ಆದ್ರೆ ಕೊನೇಗಂಟ ಯಾರಾದ್ರೂ ಜೊತ್ಗಿರ್ಬೇಕಾಗಿತ್ತು ಅವ್ನಿಗೆ" ಎಂದರು.

ಅವರ ಹೆಂಡತಿ ಶ್ವೇತ ಮಜ್ಜಿಗೆ ತಂದರು. ಬಸ್ ಸ್ಟಾಪಿನವರೆಗೆ ಕಳಿಸಲು ಬಂದಾಗ, "ಮನೇಲೂ ಮೆತ್ತಗ್ ಮಾತಾಡಕ್ಕಿಲ್ಲ ಇವ್ರು. ಮಗ್ಳು ಬಿದ್ದು ಅತ್ರೂ ದೂರ ನಿಂತ್ಕಂಡು ಗದರ್ತಾರೆ. ಯಾಕೆ ಅಂತ ಇವತ್ತು ಗೊತ್ತಾಯ್ತು" ಎಂದರು. ಬಸ್ಸಿನಲ್ಲಿ ಇಡೀ ದಾರಿ ಅದನ್ನೇ ಯೋಚಿಸಿದೆ. ನೀವು ಮೆತ್ತಗಿನ ಮಾತು ಕೇಳಲಾರದೆ ಒದ್ದಾಡುತ್ತಿದ್ದೀರಿ, ಅವರು ಆಡಲಾರದೆ.

ಕರೆದರೆ ಬರುತ್ತೇನೆ, ಬೇಡ ಎಂದರೆ ಎಂದೂ ಎದುರಿಗೆ ಬರುವುದಿಲ್ಲ ಎಂದು ಮಲ್ಲಿಕಾರ್ಜುನ ಅವರು ಹೇಳಿ ಕಳಿಸಿದ್ದಾರೆ. ತೀರ್ಮಾನ ನಿಮ್ಮದು. ನಾನು ಒತ್ತಾಯ ಮಾಡುವುದಿಲ್ಲ.

ಪಲ್ಲವಿ


ನಂಜನಗೂಡು
16 ಮಾರ್ಚ್ 2024

ನಂಜೇಶ್,

ರಜೆ ಮುಗಿಸಿ ನೀವು ಹೊರಟ ಮೇಲೆ ನಮ್ಮ ಬಸ್ಸಿನ ತುಂಬ ನಿಮ್ಮದೇ ಸುದ್ದಿ. ನರಸೀಪುರದಲ್ಲಿ ಹತ್ತಿದ ಆ ಮುದುಕರು ನಿಮ್ಮನ್ನು ಮಾತಿಗೆ ಹಿಡಿದುಕೊಂಡರಲ್ಲ. ತಡೆಯೋಣವೆಂದರೆ ನಾನು ಹಿಂದಿನ ಬಾಗಿಲಲ್ಲಿದ್ದೆ, ನಡುವೆ ಅಷ್ಟು ಜನ.

"ಯಾರ್ ಮಗನಪ್ಪ ನೀನು?"

ನೀವು ಕಂಬಿ ಹಿಡಿದುಕೊಂಡಿರಿ. ಬೆರಳು ಬೆಳ್ಳಗಾದದ್ದು ನನಗೆ ಕಾಣಿಸಿತು. "ಶಿವಸ್ವಾಮಿಯೋರ್ ಮಗ" ಎಂದಿರಿ.

"ಯಾವ್ ಶಿವಸ್ವಾಮಿ? ನಾಲೆ ಏರಿ ಮ್ಯಾಗಳ ಗದ್ದೆಯೋನಾ? ಏನ್ ಕೆಲ್ಸ? ಎಷ್ಟ್ ದಿನ ರಜ?"

ಒಂದೊಂದಕ್ಕೂ ಉತ್ತರ ಕೊಟ್ಟಿರಿ. ನಿಧಾನಕ್ಕೆ, ಕನ್ನಡದಲ್ಲಿ. ಕೊನೆಗೆ, "ಮದ್ವೆ ಯಾವಾಗ್ಲಾ?" ಎಂದರು. ನೀವು ನನ್ನ ಕಡೆ ಕೈ ತೋರಿಸಿ, "ಕಂಡಕ್ಟರ್ನ ಕೇಳಿ ತಾತ" ಎಂದಿರಿ. ಬಸ್ಸೆಲ್ಲ ನಕ್ಕಿತು. ನಾನು ಶ್ರಾವಣದಲ್ಲಿ ಎಂದು ಎಲ್ಲರ ಮುಂದೆ ಹೇಳಬೇಕಾಯಿತು. ಈಗ ಅದನ್ನೇ ಗಟ್ಟಿ ಮಾಡಿಕೊಂಡು ನಿಮ್ಮಪ್ಪ, ನಮ್ಮಮ್ಮ ಛತ್ರ ಹುಡುಕುತ್ತಿದ್ದಾರೆ.

ನಿಮ್ಮವ್ವನ ಹತ್ತಿರ ನೀವೇ ಎಲ್ಲಾ ಹೇಳಿದಿರಂತೆ. ಗದ್ದೆಯಲ್ಲಿ ನೀರು ಕಟ್ಟುತ್ತಾ, ಅವರ ಮುಖ ನೋಡದೆ. ಅವರು ಅದನ್ನು ನನಗೆ ಹೇಳಿದರು, ಒಳಗಿನ ವಿಷಯ ಒಂದೂ ಹೇಳಲಿಲ್ಲ. ನಾನು ಕೇಳಲೂ ಇಲ್ಲ. ದೇವನೂರಿಗೆ ನೀವು ಒಬ್ಬರೇ ಹೋಗಿಬಂದದ್ದನ್ನೂ ಕೇಳಿಲ್ಲ. ಆದರೆ ತಿಳಿದುಕೊಳ್ಳಬೇಕು ಎನ್ನುವ ಆಸೆ ಇದೆ. ಇಲ್ಲ ಎಂದರೆ ಸುಳ್ಳಾಗುತ್ತದೆ.

ಪಲ್ಲವಿ


21 ಮೇ 2024

ಪಲ್ಲವಿ,

ನೀವು, ನಿಮಗೆ ಎಂದು ಬರೆದು ಬರೆದು ಸಾಕಾಗಿದೆ. ಇನ್ನು ನೀನು ಎನ್ನುತ್ತೇನೆ. ನಿನಗೂ ಹಾಗೇ ಬರೆಯಬೇಕೆನಿಸಿದರೆ ಬರೆ.

ದೇವನೂರಿನಲ್ಲಿ ಅಂಥದ್ದೇನೂ ನಡೆಯಲಿಲ್ಲ. ಹೋದಾಗ ಅವರು ಬಾಗಿಲಲ್ಲೇ ನಿಂತಿದ್ದರು. ಒಳಗೆ ಬಾ ಎಂದು ಸಹ ಕರೆಯಲಿಲ್ಲ, ಕರೆಯಲು ಹೆದರಿದರು. ನಾನೇ ಹೋಗಿ ಜಗಲಿಯ ಮೇಲೆ ಕೂತೆ. ಕಬ್ಬಿನ ವಿಷಯ, ನಾಲೆಯ ನೀರಿನ ವಿಷಯ ಮಾತಾಡಿದೆವು. ಅವರ ಮಗಳು ಬಂದು ನನ್ನ ತೊಡೆಯ ಮೇಲೆ ಕೂತು ಶಾಲೆಯ ಪದ್ಯ ಹೇಳಿತು. ಹೊರಡುವಾಗ, "ನಿನ್ನಂಗೆ ಹೊರಗ್ ಬರಕ್ಕಾಗ್ದೆ ಉಳ್ದೋರು ಇನ್ನೂ ಅವ್ರೆ. ಅವ್ರ ಜೊತ್ಗೆ ಕುಂತ್ಕತೀಯಾ? ನಾನ್ ಮ್ಯಾಲಿನೋರ್ಗೆ ಯೋಳ್ತೀನಿ" ಎಂದರು. ಯೋಚಿಸುತ್ತೇನೆ ಎಂದೆ. ಆಮೇಲೆ ಡಾಕ್ಟರ್ ಮೇಡಂ ಕೂಡ ಕೇಳಿದರು. ಒಪ್ಪಿಕೊಂಡೆ. ಇದನ್ನು ನಿನಗೆ ಮೊದಲೇ ಹೇಳಲಿಲ್ಲ. ಮಾಡಲಾಗುತ್ತದೋ ಇಲ್ಲವೋ ಎಂದು ನನಗೇ ಧೈರ್ಯವಿರಲಿಲ್ಲ.

ಕಳೆದ ವಾರ ಒಂದು ತಂಡದ ಕೊನೆಯ ಹಂತ ಮುಗಿಯಿತು. ನನ್ನನ್ನು ಆ ಶಿಬಿರಕ್ಕೆ ಕಳಿಸಿದ್ದರು. ಗೇಟಿನ ಮುಂದೆ ಒಮ್ಮೆ ನಿಂತೆ. ದಾಟಿದೆ. ಅಲ್ಲಿ ಅಸ್ಸಾಮಿನ ಹುಡುಗನೊಬ್ಬ ನನ್ನ ಹಾಗೆಯೇ ಆಗಿದ್ದ. ಎಲ್ಲರೂ ಮುಗಿಯಿತು ಎನ್ನುತ್ತಿದ್ದಾರೆ, ಅವನು ನಂಬರು ಹೇಳುತ್ತಿದ್ದಾನೆ. ಯಾರೂ ಅವನಿಗೆ ಏನೂ ಹೇಳಬೇಡಿ, ಏನೂ ಕೊಡಬೇಡಿ, ಬಾಗಿಲು ತೆಗೆದಿಟ್ಟು ಹೋಗಿ ಎಂದೆ. ನಾನು ಅಡುಗೆ ಮನೆಯಿಂದ ಒಂದು ಬುಟ್ಟಿ ಹುರುಳಿಕಾಯಿ ತಂದು, ಹೊರಗೆ ಬಿಸಿಲಿನಲ್ಲಿ ಅವನಿಗೆ ಕಾಣುವ ಹಾಗೆ ಕೂತು ನಾರು ತೆಗೆಯತೊಡಗಿದೆ.

ಬೆಳಿಗ್ಗೆಯೆಲ್ಲ ಹೋಯಿತು. ಅವನು ಬಾಗಿಲಿಗೆ ಬಂದ. ನನ್ನನ್ನು ದಾಟಿ ಅಂಗಳಕ್ಕೆ ನಡೆದ. ತಿರುಗಿ ನೋಡಿದ. ನಾನು ಏಳಲಿಲ್ಲ. ಗೇಟಿನವರೆಗೆ ಹೋದ. ಕಾವಲಿನವರಿಗೆ ಮೊದಲೇ ಹೇಳಿದ್ದೆ, ಅವರು ತಡೆಯಲಿಲ್ಲ. ರಸ್ತೆಗೆ ಇಳಿದು, ತಿರುವಿನಲ್ಲಿ ಮರೆಯಾದ. ಆಗ ನನಗೆ ಭಯವಾಯಿತು. ಆದರೂ ಕೂತೇ ಇದ್ದೆ.

ಅವನು ತಾನಾಗಿಯೇ ಬಂದ. ನನ್ನ ಪಕ್ಕದಲ್ಲಿ ನೆಲದ ಮೇಲೆ ಕೂತು ಮಾತಾಡತೊಡಗಿದ. ಹಿಂದಿಯಲ್ಲಲ್ಲ, ಅವನ ಭಾಷೆಯಲ್ಲಿ. ನನಗೆ ಅದರ ಒಂದಕ್ಷರವೂ ಬರುವುದಿಲ್ಲ, ಅದು ಅವನಿಗೂ ಗೊತ್ತಿತ್ತು. ಮಧ್ಯೆ ಒಮ್ಮೆ ನಕ್ಕ, ಆಮೇಲೆ ತುಂಬಾ ಅತ್ತ, ಮತ್ತೆ ಶುರು ಮಾಡಿದ. ನಾನು ಕೆಲಸ ಮಾಡುತ್ತಾ ಕೇಳಿಸಿಕೊಂಡೆ. ಅಡುಗೆಯವರು ಬಂದು ಬುಟ್ಟಿ ತೆಗೆದುಕೊಂಡು ಹೋದ ಮೇಲೂ ಅವನ ಮಾತು ನಿಂತಿರಲಿಲ್ಲ.

ನಿನ್ನ
ನಂಜೇಶ